ಪರದೇಶಕ್ಕೆ ಒಂದೇ ಸೀಟು

ಅಟ್ಟಿಸಿಕೊಂಡು ಬಂದ ನಾಯಿಯಿಂದಾದರೂ ತಪ್ಪಿಸಿಕೊಳ್ಳಬಹುದು, ಉಪಕಾರ ಮಾಡಿಯೇ ತೀರುತ್ತೇನೆಂದು ಹಟ ಹಿಡಿದ ಹೆಡ್‌ಮಾಸ್ಟರರಿಂದ ತಪ್ಪಿಸಿಕೊಳ್ಳಲಾಗದು. ಅವತ್ತು ಬೆಳಿಗ್ಗೆ ಇಂಗ್ಲಿಷ್ ಮೇಷ್ಟ್ರು ಶಾಲೆಯ ಗೇಟು ದಾಟುವಷ್ಟರಲ್ಲೇ ಅವರು ಓಡಿ ಬಂದು ಕೈ ಹಿಡಿದುಕೊಂಡರು.

"ನೀವೇನೂ ತಲೆ ಕೆಡಿಸ್ಕೋಬೇಡಿ ಮೇಷ್ಟ್ರೇ. ಎಲ್ಲಾ ಸೆಕ್ಷನ್ನಿಂದ ಹುಷಾರಾಗಿರೋ ಮಕ್ಕಳನ್ನ ಆರಿಸಿ ನಿಮ್ಮ ಕ್ಲಾಸಲ್ಲಿ ಕೂರಿಸಿದೀನಿ. ಸಾಹೇಬ್ರು ಏನು ಕೇಳಿದ್ರೂ ಪಟಪಟ ಅಂತ ಉತ್ತರ ಬೀಳುತ್ತೆ."

"ಮಿಕ್ಕ ಮಕ್ಕಳು ಸಾರ್?"

"ಪಕ್ಕದ ರೂಮಲ್ಲಿ. ಡ್ರಿಲ್ ಮೇಷ್ಟ್ರು ಬಾಗಿಲು ಹಾಕ್ಕೊಂಡು ಕಾಯ್ತಾರೆ. ಒಂದು ಸೊಳ್ಳೆ ಸದ್ದೂ ಹೊರಗೆ ಬರ್ಬಾರ್ದು ಅಂತ ಹೇಳಿದೀನಿ."

ಸಂಗತಿ ಇಷ್ಟೆ. ಇಂಗ್ಲಿಷ್ ಪಾಠ ಹೇಳುವವರನ್ನು ಇಂಗ್ಲಿಷ್ ಆಡುವ ದೇಶಕ್ಕೇ ಕಳಿಸಿ ಕಲಿಸೋಣವೆಂದು ಸರ್ಕಾರ ಹಣ ತೆಗೆದಿರಿಸಿತ್ತು. ಈ ಸುತ್ತಿನ ಶಾಲೆಗಳಿಗೆಲ್ಲ ಸೇರಿ ಒಂದೇ ಸೀಟು. ಸಾಹೇಬರು ಬಂದು, ಪಾಠ ನೋಡಿ, ಆಳನ್ನು ಆರಿಸುತ್ತಾರೆ. ಎಂಥವರನ್ನು ಆರಿಸುತ್ತಾರೆಂದು ಸರ್ಕಾರ ಹೇಳಿರಲಿಲ್ಲ. ಚೆನ್ನಾಗಿ ಪಾಠ ಮಾಡುವವರನ್ನೇ ಎಂದು ಎಲ್ಲರೂ ತಿಳಿದಿದ್ದರು. ಬುದ್ಧಿ ನೆಟ್ಟಗಿದ್ದವರು ಮತ್ತಿನ್ನೇನು ತಿಳಿಯುತ್ತಾರೆ?

ಮೇಷ್ಟ್ರಿಗೆ ಇದು ಬರೀ ಪ್ರವಾಸವಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅವರು ಹಿಮ ಬೀಳುವ ಪಾಠವೊಂದನ್ನು ಮಾಡುತ್ತಾ ಬಂದಿದ್ದರು. ಹಿಮ ಹೀಗೆ ಬೀಳುತ್ತದೆಂದು ಡಸ್ಟರು ಕೊಡವಿ, ತಲೆ ತುಂಬ ಸೀಮೆಸುಣ್ಣದ ಪುಡಿ ಸುರಿದುಕೊಂಡು ತೋರಿಸುತ್ತಿದ್ದರು. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಬೀಳೋವಾಗ ಸದ್ದಾಗುತ್ತಾ?" ಎಂದು ಕೇಳಿದ್ದಳು. ನಾಳೆ ಹೇಳುತ್ತೇನೆಂದಿದ್ದರು. ಈಗ ಅವಳ ಮಗಳು ಅದೇ ಬೆಂಚಿನಲ್ಲಿ ಕೂರುತ್ತಾಳೆ. ಆ ನಾಳೆ ಇನ್ನೂ ಬಂದಿರಲಿಲ್ಲ. ಕೆಲವು ದಿನ ಪಾಠದ ನಡುವೆ ಮೇಷ್ಟ್ರು ಸುಮ್ಮನೆ ನಿಂತು ಕಿಟಕಿಯಾಚೆ ನೋಡುತ್ತಿದ್ದರು. ಆಚೆ ಇದ್ದದ್ದು ಸೈಕಲ್ ರಿಪೇರಿ ಅಂಗಡಿ ಮಾತ್ರ.

"ಹೋಗಿ ಬನ್ನಿ ನೀವು," ಎಂದಿದ್ದಳು ಹೆಂಡತಿ ಬೆಳಿಗ್ಗೆ. "ಇಲ್ಲೇ ಕೂತು ನೀವು ಬಿಡೋ ನಿಟ್ಟುಸಿರು ಕೇಳೋದಕ್ಕಿಂತ ಒಬ್ಬಳೇ ಇರೋದು ವಾಸಿ."

ಪಕ್ಕದ ಮನೆಯ ದರ್ಜಿ ಯಾವನೋ ಮದುಮಗನಿಗೆ ಹೊಲಿದಿಟ್ಟ ಕೋಟು ತಂದು ತೊಡಿಸಿದ್ದ. "ಕೈ ಮಾತ್ರ ಎತ್ತಬೇಡಿ ಮೇಷ್ಟ್ರೇ, ಬಗಲಲ್ಲಿ ಬರೀ ದಾರ ಓಡಿಸಿದೀನಿ" ಎಂದಿದ್ದ. ಕೈ ಎತ್ತದೆ ಬೋರ್ಡಿನ ಮೇಲೆ ಬರೆಯುವುದು ಹೇಗೆಂದು ಹೇಳಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಆಗಲೇ ಬೀಳ್ಕೊಡುಗೆ ನಡೆಯುವಂತಿತ್ತು. ಲೆಕ್ಕದ ಮೇಡಂ ಮಡಚಿದರೆ ಬೆರಳುದ್ದ ಆಗುವ ಛತ್ರಿ ತರಬೇಕೆಂದರು. ವಿಜ್ಞಾನದ ಮೇಷ್ಟ್ರು, ವಿಮಾನದಲ್ಲಿ ಕಿಟಕಿ ಸೀಟು ಕೇಳಬೇಡಿ, ತಲೆ ಸುತ್ತುತ್ತದೆ ಎಂದರು. ಅವರು ಏರಿದ್ದ ಅತಿ ಎತ್ತರದ ವಾಹನ ಲಾರಿ. ಡ್ರಿಲ್ ಮೇಷ್ಟ್ರು ಮಾತ್ರ ಏನೂ ಕೇಳಲಿಲ್ಲ. ಚಿಕ್ಕ ತರಗತಿಗೆ ಯಾರೂ ಇಲ್ಲವೆಂದು ಇಂಗ್ಲಿಷನ್ನೂ ಆ ಪುಣ್ಯಾತ್ಮನ ಹೆಗಲಿಗೇ ಕಟ್ಟಿದ್ದರು.

"ನೀವು ಹೋಗ್ಲೇಬೇಕು ಸಾರ್," ಎಂದು ತಬ್ಬಿಕೊಂಡರು. ಕೋಟಿನ ಬಗಲು ಅಲ್ಲಿಗೇ ಚರ್ರೆಂದಿತು.

ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡು, ಬೋರ್ಡಿನ ಕೆಳತುದಿಯಲ್ಲೇ ಬರೆಯುತ್ತಾ ಪಾಠ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಅವರಿಗೆ ಕೋಟೂ ಮರೆತುಹೋಯಿತು, ಸಾಹೇಬರೂ ಮರೆತುಹೋದರು. ಹಿಮ ಬೀಳುವ ಬೀದಿ, ಬೆಳಕಾಗುವ ಹೊತ್ತು, ಮೊದಲ ಹೆಜ್ಜೆ ಇಡಲು ಯಾರಿಗೂ ಮನಸ್ಸಾಗದ ಆ ಬಿಳುಪು. ಮಕ್ಕಳು ಕೈಕಟ್ಟಿ ಬಾಯಿ ಬಿಟ್ಟುಕೊಂಡು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹಾರಿಬಂತು. ಕಿಟಕಿಯಾಚೆ ನಿಂತಿದ್ದ ಲೆಕ್ಕದ ಮೇಡಂ ಕಣ್ಣೊರೆಸಿಕೊಂಡರು.

"ಬಹಳ ಚೆನ್ನಾಗಿತ್ತು," ಎಂದು ಸಾಹೇಬರು ಎದ್ದರು. ಹೆಡ್‌ಮಾಸ್ಟರು ಮೀಸೆ ನೇವರಿಸಿಕೊಂಡರು.

ವರಾಂಡಾದಲ್ಲಿ ಸಾಹೇಬರು ಮುಚ್ಚಿದ ಬಾಗಿಲಿನ ಮುಂದೆ ನಿಂತರು. "ಇದೇನ್ರೀ?"

"ಸ್ಟೋರ್ ರೂಮು ಸಾರ್. ಮುರಿದ ಬೆಂಚುಗಳು."

ಒಳಗಿನಿಂದ ಮುರಿದ ಬೆಂಚುಗಳು ಒಂದೇ ಗಂಟಲಲ್ಲಿ "ಯೆಸ್ ಸಾರ್!" ಎಂದು ಕೂಗಿದವು.

ಸಾಹೇಬರು ಬಾಗಿಲು ತಳ್ಳಿದರು. ಮಕ್ಕಳನ್ನು ಸುಮ್ಮನೆ ಕೂರಿಸಲಾಗದೆ ಡ್ರಿಲ್ ಮೇಷ್ಟ್ರು ಇಂಗ್ಲಿಷ್ ಪಾಠಕ್ಕೆ ಇಳಿದಿದ್ದರು. ಕೈಯಲ್ಲಿ ಪುಸ್ತಕ, ಕೊರಳಲ್ಲಿ ಸೀಟಿ. "ಸ್ನೋ! ಲೆಫ್ಟ್ ರೈಟ್! ಸ್ನೋ! ಲೆಫ್ಟ್ ರೈಟ್!" ಮಕ್ಕಳು ಹಿಮದ ಮೇಲೆ ಕವಾಯತು ಮಾಡುತ್ತಿದ್ದರು.

ಸಾಹೇಬರು ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಡ್ರಿಲ್ ಮೇಷ್ಟ್ರು ಸೆಲ್ಯೂಟ್ ಹೊಡೆದು "ಯೆಸ್ ಸಾರ್!" ಎಂದರು. ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ ಎಂದರು. "ಯೆಸ್ ಸಾರ್!" ಕಷ್ಟವಾಗುವುದಿಲ್ಲವೇ ಎಂದರು. ಇನ್ನೂ ಗಟ್ಟಿಯಾಗಿ "ಯೆಸ್ ಸಾರ್!"

ಮನೆಮನೆ ಅಲೆದರೂ ಕಾಯಿಲೆಯವರು ಸಿಗದ ವೈದ್ಯನಿಗೆ ಕೊನೆಗೊಬ್ಬ ನೂರಾನಾಲ್ಕು ಜ್ವರದವನು ಸಿಕ್ಕ ಹಾಗೆ ಸಾಹೇಬರ ಮುಖ ಅರಳಿತು.

ಆಫೀಸು ರೂಮಿನಲ್ಲಿ ಅವರು ಬಾಯಿಬಿಟ್ಟರು. "ಇಂಗ್ಲಿಷ್ ಬರೋರಿಗೆ ಕಲಿಸೋದಕ್ಕೆ ಸರ್ಕಾರ ಯಾಕ್ರೀ ದುಡ್ಡು ಹಾಕ್ಬೇಕು? ಬರದೇ ಇರೋರು ಬೇಕು ನನಗೆ. ಎಲ್ಲಿ ಹೋದ್ರೂ ಹುಷಾರಾದೋರನ್ನೇ ಎದುರು ನಿಲ್ಲಿಸ್ತಾರೆ. ನಿಮ್ಮಲ್ಲಿ ಬಚ್ಚಿಟ್ಟಿದ್ರೂ ದೇವರ ಹಾಗೆ ಸಿಕ್ಕಿದ್ರು."

"ಸಾರ್, ನನಗೂ..." ಎಂದು ಮೇಷ್ಟ್ರು ಎದ್ದು ನಿಂತರು. ತನಗೂ ಇನ್ನೂ ಎಷ್ಟೋ ಬರುವುದಿಲ್ಲ, ಪುಸ್ತಕದಲ್ಲಿ ಓದಿದ್ದೇ ಹೊರತು ಆ ಮಾತು ಹುಟ್ಟಿದ ಬೀದಿಯಲ್ಲಿ ಕಿವಿಯಾರೆ ಕೇಳಿಲ್ಲ, ತಾನು ಏನೇನೂ ಅರಿಯದವನು ಎಂದು ಬೇಡಿಕೊಂಡರು. ಆದರೆ ಹಾಳು ಅಭ್ಯಾಸ ನೋಡಿ, ಅಷ್ಟನ್ನೂ ಬೇಡಿಕೊಂಡದ್ದು ಇಂಗ್ಲಿಷಿನಲ್ಲಿ! ಎಲ್ಲೂ ತಡವರಿಸಲಿಲ್ಲ.

"ಆಹಾ, ಏನು ಭಾಷೆ ರೀ ನಿಮ್ಮದು!" ಎಂದರು ಸಾಹೇಬರು. "ನೋಡಿ, ಅವರು ಹೊರಡೋವರೆಗೆ ದಿನಾ ಸಂಜೆ ನೀವೇ ಸ್ವಲ್ಪ ಹೇಳಿಕೊಡಿ. ಅವರು ಬರೋವರೆಗೆ ಡ್ರಿಲ್ಲೂ ನೀವೇ ನೋಡ್ಕೊಳ್ಳಿ."

ಮಕ್ಕಳನ್ನು ಆರಿಸಿ ಕೂರಿಸಿದ್ದ ಹೆಡ್‌ಮಾಸ್ಟರು ಫ್ಯಾನು ನೋಡುತ್ತಾ ಕೂತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ.

ಸಂಜೆ ಡ್ರಿಲ್ ಮೇಷ್ಟ್ರು ಇಂಗ್ಲಿಷ್ ಮೇಷ್ಟ್ರ ಮನೆಗೆ ಬಂದು, ಹೊಸಿಲಲ್ಲೇ ನಿಂತು ಗಳಗಳ ಅತ್ತರು. "ನಾನು ಒಲ್ಲೆ ಅಂತ ಹೇಳೋಕೇ ಹೋಗಿದ್ದೆ ಸಾರ್. ಬಾಯಿಗೆ ಯೆಸ್ ಸಾರ್ ಅಂತಾನೇ ಬಂತು. ಅಲ್ಲಿ ಯಾರದೋ ಮನೇಲಿ ಇರ್ಬೇಕಂತೆ. ಬಾಗಿಲು ತಟ್ಟಿ ಏನನ್ಲಿ ನಾನು?"

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತ್ತು. ಕತ್ತು ಹಿಡಿದು ನೂಕಬೇಕೆನ್ನಿಸಿತು. ಆದರೆ ಕಂಬದಂಥ ಆಳು ಮಗುವಿನ ಹಾಗೆ ಮೂಗೊರೆಸಿಕೊಳ್ಳುತ್ತಿರುವುದನ್ನು ಎಷ್ಟು ಹೊತ್ತು ನೋಡಲು ಸಾಧ್ಯ?

"ಸರಿ ಸಾಕು ಅತ್ತಿದ್ದು. ಆಚೆ ಹೋಗಿ ಬಾಗಿಲು ತಟ್ಟಿ," ಎಂದರು. "ನಾನು ಆ ಮನೆಯವನು ಅಂದ್ಕೊಳ್ಳಿ."

ಡ್ರಿಲ್ ಮೇಷ್ಟ್ರು ಹೊರಗೆ ಹೋಗಿ ತಟ್ಟಿದರು. ಮೇಷ್ಟ್ರು ಬಾಗಿಲು ತೆರೆದರು. ನಗುತ್ತಾ, ಇಂಗ್ಲಿಷಿನಲ್ಲಿ, ಬನ್ನಿ ಬನ್ನಿ, ಪ್ರಯಾಣ ಸುಖವಾಯಿತೇ, ಹೊರಗೆ ತುಂಬಾ ಚಳಿ, ಬೆಂಕಿ ಹತ್ತಿರ ಕೂತುಕೊಳ್ಳಿ ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿಯೇ ಬೇರೆಯಾಯಿತು. ಅತಿಥಿಯ ಭುಜದಾಚೆಗೆ ಕತ್ತಲಾಗುತ್ತಿದ್ದ ಬೀದಿಯನ್ನು, ಯಾವುದೋ ಹೊಸ ಬೀದಿಯನ್ನು ನೋಡುವ ಹಾಗೆ ನೋಡಿದರು.

"ಬಾಗಿಲಲ್ಲಿ ಯಾರ್ರೀ?" ಒಳಗಿನಿಂದ ಹೆಂಡತಿ ಕೂಗಿದಳು.

"ಯಾರೋ ಪರದೇಶದೋರು ಕಣೇ," ಎಂದರು ಮೇಷ್ಟ್ರು. "ನಮ್ಮ ದೇಶ ನೋಡೋಕೆ ಬಂದಿದಾರೆ."