ಓಲೆ ಬಿಚ್ಚಿ, ಉಂಗುರ ತೆಗೀರಿ

ಕಬಡ್ಡಿ ಅಂಕಣಕ್ಕೆ ಇಳಿಯೋರು ಮೈಮೇಲೆ ಒಡವೆ ಹಾಕಿಕೊಂಡಿರಬಾರದು. ನಿಯಮ ಇಷ್ಟೇ, ಓದೋಕೆ ಒಂದು ಉಸಿರು ಸಾಕು. ಪಾಲಿಸೋಕೆ ಹೋದರೆ ಮಾತ್ರ ಪ್ರಾಣ ಹೋಗುತ್ತೆ. ನಾನು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್. ಆಗಸ್ಟ್ ತಿಂಗಳು ಬಂತು ಅಂದರೆ ಯಾವುದೋ ಒಂದು ಕಿವಿ, ಯಾವುದೋ ಒಂದು ಮೂಗು, ಯಾವುದೋ ಒಂದು ಬೆರಳು ನನ್ನ ತಲೆ ತಿನ್ನೋಕೆ ಎಲ್ಲೋ ತಯಾರಾಗಿ ಕೂತಿರುತ್ತೆ. ಇವನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಗುವಾಗ ನನಗೆ ಒಂದು ಸಲವೂ ನಗು ಬಂದಿಲ್ಲ.

ಮೊದಲನೆಯದು ನನ್ನದೇ ಕಿವಿ

ನನ್ನ ಎಡಗಿವಿಯ ಹಾಲೆ ಸೀಳಿದೆ. ಹುಟ್ಟಾ ಹಾಗೇ ಇದೆ ಅಂತ ನಮ್ಮ ಶಾಲೆ ಮಕ್ಕಳು ತಿಳಿದುಕೊಂಡಿವೆ. ಅದು ಕಾಲೇಜಿನಲ್ಲಿ ಆಡುವಾಗ ಆದದ್ದು. ಆಗ ಯಾರೂ ಓಲೆ ನೋಡುತ್ತಿರಲಿಲ್ಲ, ಹಾಕಿಕೊಂಡೇ ಆಡುತ್ತಿದ್ದೆವು. ಎದುರು ತಂಡದವಳು ನನ್ನನ್ನು ಹಿಡಿಯೋಕೆ ಬಂದಳು, ಓಲೆ ಅವಳ ಬನಿಯನ್ನಿಗೆ ಸಿಕ್ಕಿಕೊಂಡಿತು, ನಾನು ಈ ಕಡೆ ಜಿಗಿದೆ. ಕಿವಿ ಅರ್ಧ ನನ್ನ ಜೊತೆ ಬಂತು. ರಕ್ತ ಕುತ್ತಿಗೆಗೆ ಇಳಿಯುತ್ತಿದೆ, ಸುತ್ತ ನಿಂತವರೆಲ್ಲ ಬಗ್ಗಿ ಮಣ್ಣು ಕೆದಕುತ್ತಿದ್ದಾರೆ. "ಓಲೆ ಸಿಕ್ತಾ? ಓಲೆ ಸಿಕ್ತಾ?"

ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕುತ್ತಿದ್ದರು. ಅಮ್ಮ ಊರಿಂದ ಓಡಿ ಬಂದಳು. ಬಾಗಿಲಲ್ಲೇ ನಿಂತು, "ಓಲೆ ಎಲ್ಲೇ?" ಅಂದಳು.

ಅಷ್ಟರಲ್ಲಿ ನನ್ನ ಕಿವಿ ಹರಿದ ಆ ಹುಡುಗಿ ಅಳುತ್ತಾ ಒಳಗೆ ಬಂದಳು, ಅಂಗೈ ಬಿಚ್ಚಿದಳು. ಓಲೆ ಇತ್ತು, ಒಂಚೂರೂ ನಜ್ಜಿರಲಿಲ್ಲ. ನಮ್ಮಮ್ಮ ಅವಳ ತಲೆ ಸವರಿ, "ಚಿನ್ನದಂಥ ಹುಡ್ಗಿ ಕಣವ್ವ ನೀನು" ಅಂದು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದಳು. ನನಗೆ ಕಾಫಿ ಬೇಡವಂತೆ, ಹೊಲಿಗೆ ಹಾಕಿದ್ದಾರೆ ಅಂತ.

ಮೂಗುಬಟ್ಟು

ಕಿವಿ ಹೋದಮೇಲೆ ನಾನು ನಿಯಮದ ವಿಷಯದಲ್ಲಿ ರಾಕ್ಷಸಿ ಆದೆ, ಒಬ್ಬಳ ವಿಷಯ ಬಿಟ್ಟು. ನಮ್ಮ ತಂಡದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಬಡಕಲು ಮೈ, ಆದರೆ ಎದುರು ಅಂಕಣಕ್ಕೆ ನುಗ್ಗಿದಳು ಅಂದರೆ ಯಾರಿಗೂ ಸಿಗುತ್ತಿರಲಿಲ್ಲ. ಅವಳ ಹೆಸರು ಬೇಡ, ರೈಡರ್ ಅನ್ನೋಣ. ಅವಳನ್ನು ನಂಬಿಕೊಂಡೇ ನಾವು ಆ ವರ್ಷ ತಿ. ನರಸೀಪುರದಲ್ಲಿ ನಡೆದ ಜಿಲ್ಲಾ ಪಂದ್ಯದವರೆಗೂ ಹೋದೆವು.

ಅಲ್ಲಿ ರೆಫರಿ ಅವಳ ಮೂಗು ನೋಡಿದರು. "ಏನಮ್ಮ ಇದು?"

"ಮೂಗುಬಟ್ಟು ಸಾ."

"ತೆಗಿ."

"ಬರಲ್ಲ ಸಾ. ನಮ್ಮಜ್ಜಿ ಆಕ್ಸಿದ್ದು. ತಿರುಪು ತುಕ್ಕು ಇಡ್ದದೆ."

ತಾಲ್ಲೂಕು ಪಂದ್ಯದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹುಷಾರಾಗಿ ಅದರ ಮೇಲೆ ಒಂದು ಚೂರು ಪ್ಲಾಸ್ಟರ್ ಅಂಟಿಸಿದ್ದೆ. ಇಲ್ಲಿ ಅದು ಬೆವರಿಗೆ ಬಿದ್ದು ಹೋಗಿತ್ತು. ಸೋಪಿನ ನೀರು ಹಾಕಿದೆವು, ಬರಲಿಲ್ಲ. ಬಜ್ಜಿ ಅಂಗಡಿಯಿಂದ ಎಣ್ಣೆ ತಂದು ಹಚ್ಚಿದೆವು, ಬರಲಿಲ್ಲ. ಆಟ ನೋಡೋಕೆ ಬಂದಿದ್ದ ಸೈಕಲ್ ಶಾಪಿನವನೊಬ್ಬ, "ಒಸಿ ತಡೀರಿ ಮಿಸ್, ಕಟಿಂಗ್ ಪ್ಲೇಯರ್ ತತ್ತೀನಿ" ಅಂದ. ನಮ್ಮ ರೈಡರ್ ಮೈದಾನ ಬಿಟ್ಟು ಹೊಳೆ ಕಡೆಗೆ ಓಡಿದಳು. ಅವಳನ್ನು ಹಿಡಿದು ತರೋಕೆ ನಮ್ಮ ಪೂರ್ತಿ ತಂಡ ಬೇಕಾಯಿತು. ಯಾರಿಗೂ ಸಿಗದವಳು ಅಂತ ಆಗಲೇ ಹೇಳಿದೆನಲ್ಲ.

ಕೊನೆಗೆ ರೆಫರಿಗೂ ಕರುಣೆ ಬಂತು. "ಭದ್ರವಾಗಿ ಪ್ಲಾಸ್ಟರ್ ಹಾಕಿ ಮುಚ್ಚಿ, ಆಡಲಿ" ಅಂದರು. ಮೂಗಿನ ತುಂಬ ಬಜ್ಜಿ ಎಣ್ಣೆ, ಪ್ಲಾಸ್ಟರ್ ನಿಲ್ಲುತ್ತಿಲ್ಲ. ಮೂಗಿನ ಮೇಲಿಂದ ಕೆನ್ನೆಗೆ ಎಳೆದು ಅಂಟಿಸಿದೆ. ಅದೂ ಜಾರಿತು. ಕೆಳಗೆ ಮೇಲ್ದುಟಿಗೂ ಸೇರಿಸಿ ಬಿಗಿದೆ. ಆಗ ನಿಂತಿತು.

ರೈಡರ್ ಎದುರು ಅಂಕಣಕ್ಕೆ ಹೋದಳು. ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಅನ್ನುತ್ತಾ ಇರಬೇಕು. ಮೇಲ್ದುಟಿ ಮೇಲಕ್ಕೆ ಅಂಟಿಕೊಂಡಿದೆ, ತುಟಿ ಕೂಡುತ್ತಿಲ್ಲ, 'ಬ' ಬರುತ್ತಿಲ್ಲ. "ಕ... ಅಡ್ಡಿ, ಕ... ಅಡ್ಡಿ, ಅಡ್ಡಿ, ಅಡ್ಡಿ" ಅನ್ನುತ್ತಾ ಇಬ್ಬರನ್ನು ಮುಟ್ಟಿ ವಾಪಸ್ ಬಂದಳು.

ಎದುರು ತಂಡದ ಕ್ಯಾಪ್ಟನ್ ಕೈ ಎತ್ತಿದಳು. "ಸಾ, ಅವ್ಳು ಕಬಡ್ಡಿ ಅಂತಿಲ್ಲ ಸಾ, ಅಡ್ಡಿ ಅಂತಾವ್ಳೆ!"

ರೆಫರಿ ಒಂದು ಕ್ಷಣ ಯೋಚಿಸಿ ಸೀಟಿ ಊದಿದರು. ಔಟು. ಇನ್ನೊಂದು ಸಲ ಹೋದಳು, ಆಗಲೂ ಔಟು. ನಾವು ಸೋತೆವು. ನಾನು ಹೋಗಿ ರೆಫರಿ ಹತ್ತಿರ ಜಗಳ ಆಡಿದೆ. "ಮೂಗುಬಟ್ಟು ಇದ್ರೂ ಆಡಬಹುದು ಅಂತ ನೀವೇ ಹೇಳಿದ್ರಲ್ಲ ಸಾರ್?"

"ಹೌದು ಮಿಸ್, ನನ್ನದೇನೂ ಅಡ್ಡಿ ಇರಲಿಲ್ಲ. ಅಡ್ಡಿ ಅಂದಿದ್ದು ಅವಳೇ" ಅಂದರು.

ಹೆಡ್ ಮೇಷ್ಟ್ರ ಗ್ರಹಗಳು

ಇಲಾಖೆಯವರ ಕ್ರೀಡಾಕೂಟ. ಮೇಷ್ಟ್ರುಗಳ ವಾಲಿಬಾಲಿಗೆ ರೆಫರಿ ನಾನು. ಒಂದು ಕಡೆ ಆಡೋಕೆ ಇಳಿದವರು ನಮ್ಮ ಹೆಡ್ ಮೇಷ್ಟ್ರೇ. ಅವರ ಬೆರಳುಗಳಲ್ಲಿ ಶನಿಗೆ ನೀಲ, ಗುರುವಿಗೆ ಪುಷ್ಯರಾಗ, ಕುಜನಿಗೆ ಹವಳ. ಬೆರಳು ಸಾಲದೆ ಉಳಿದ ಗ್ರಹಗಳನ್ನು ಹಾಗೇ ಬಿಟ್ಟಿದ್ದರು ಅನ್ನಿಸುತ್ತೆ.

"ಸಾರ್, ಉಂಗುರ."

"ಯಾವುದು?"

"ಎಲ್ಲಾನೂ ಸಾರ್."

ನನ್ನ ಸಿ.ಎಲ್. ರಜೆ ಮಂಜೂರು ಮಾಡೋ ಕೈ ಅದು. ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಇದನ್ನ ತೆಗೆದ್ರೆ ಏನಾಗುತ್ತೆ ಗೊತ್ತೇನಮ್ಮ ನಿನಗೆ?"

"ಹಾಕ್ಕೊಂಡು ಆಡಿದ್ರೆ ಬೆರಳು ಮುರಿಯುತ್ತೆ ಸಾರ್."

ತೆಗೆದರು. ಒಂದೊಂದಾಗಿ ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟರು. ಸರ್ವಿಸ್ ಮಾಡೋಕೆ ಚೆಂಡು ಮೇಲೆ ಎಸೆದರು. ಚೆಂಡು ಕೆಳಗೆ ಬಂತು, ಅವರೂ ಬಂದರು. ಸೊಂಟ ಹಿಡಿದುಕೊಂಡು ನೆಲಕ್ಕೆ ಒರಗಿದವರು ಏಳಲೇ ಇಲ್ಲ. ಬೆರಳು ಮಾತ್ರ ಚೆನ್ನಾಗಿತ್ತು.

ಆಂಬುಲೆನ್ಸ್ ಬಂತು. ಮೇಷ್ಟ್ರು ಸ್ಟ್ರೆಚರ್ ಮೇಲೆ ಮಲಗಿ, ನೋವಿನಲ್ಲಿ ಕಣ್ಣು ಮುಚ್ಚಿಕೊಂಡು ಕೈ ಚಾಚಿದ್ದಾರೆ. "ಶನಿ... ಮೊದ್ಲು ಶನಿ..." ಅನ್ನುತ್ತಿದ್ದಾರೆ. ನಾನು ಗಾಬರಿಯಲ್ಲಿ ಕರ್ಚೀಫಿನ ಗಂಟು ಬಿಚ್ಚುತ್ತಿದ್ದೇನೆ, ಬಿಚ್ಚಿಕೊಳ್ಳುತ್ತಿಲ್ಲ.

ಆಂಬುಲೆನ್ಸಿನ ಹುಡುಗ ಮೆಲ್ಲಗೆ ನನ್ನನ್ನು ಕೇಳಿದ: "ಸಾಹೇಬ್ರು ಯಾರನ್ನ ಬೈತಾವ್ರೆ ಮೇಡಂ?"

"ನನ್ನೇ" ಅಂದೆ. ಅವತ್ತಿನಿಂದ ಅವರು ನೆಟ್ಟಗೆ ನಿಂತಿಲ್ಲ. ನನಗೂ ನೆಟ್ಟಗೆ ಒಂದು ಸಿ.ಎಲ್. ಸಿಕ್ಕಿಲ್ಲ.

ಉಂಗುರ

ಇದನ್ನು ಹೇಳುವಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅರ್ಧಕ್ಕೆ ನಗು ನಿಲ್ಲಿಸುತ್ತಾರೆ.

ನಮ್ಮ ರೈಡರ್ ಹತ್ತನೇ ಕ್ಲಾಸಿಗೆ ಬಂದಳು. ಮೂಗುಬಟ್ಟನ್ನು ನಂಜನಗೂಡಿನ ಆಚಾರಿ ಹತ್ತಿರ ಕರೆದುಕೊಂಡು ಹೋಗಿ ತೆಗೆಸಿದ್ದೆ. ಒಂದು ಸೋಮವಾರ ಪ್ರಾಕ್ಟೀಸಿಗೆ ಸಾಲಾಗಿ ನಿಲ್ಲಿಸಿ ಕೈ ನೋಡುತ್ತಾ ಬಂದರೆ, ಅವಳ ಬೆರಳಲ್ಲಿ ಹೊಸ ಚಿನ್ನದ ಉಂಗುರ.

"ಏನೇ ಇದು?"

"ನಮ್ಮ ಮಾವ ಆಕ್ಬುಟ್ರು ಮಿಸ್, ನಿನ್ನೆ." ಮಾವ ಅಂದರೆ ಅವಳ ತಾಯಿಯ ತಮ್ಮ. ಅಜ್ಜಿ ಆಸೆಪಟ್ಟಳು ಅಂತ ಮನೆಯವರೇ ಸೇರಿ, ಸದ್ದಿಲ್ಲದೆ ನಿಶ್ಚಿತಾರ್ಥದ ಶಾಸ್ತ್ರ ಮುಗಿಸಿದ್ದರು. ಅವಳು ನನ್ನ ಮುಖವನ್ನೇ ನೋಡುತ್ತಾ, "ತೆಗೀಲೇಬೇಕಾ ಮಿಸ್? ರೂಲ್ಸಾ?" ಅಂದಳು.

"ರೂಲ್ಸು" ಅಂದೆ.

ಬೆರಳಿನ ಚರ್ಮ ಕಿತ್ತು ಬರೋ ಹಾಗೆ ಎಳೆದು ನನ್ನ ಕೈಗೆ ಹಾಕಿದಳು, ಅಂಕಣಕ್ಕೆ ಓಡಿದಳು. ಅವತ್ತು ಅವಳನ್ನು ಮುಟ್ಟೋಕೆ ಯಾರಿಗೂ ಆಗಲಿಲ್ಲ. ಆಟ ಮುಗಿದ ಮೇಲೆ ಉಂಗುರ ವಾಪಸ್ ಕೇಳಲೂ ಇಲ್ಲ.

ಮನೆಯಲ್ಲಿ ಏನು ಹೇಳಿದಳೋ, ವಾರ ಕಳೆಯೋದರೊಳಗೆ ಅವರಪ್ಪ ಬಂದರು. ಡೇರಿಗೆ ಹಾಲು ಹಾಕಿ ಕ್ಯಾನು ಹಿಡಿದುಕೊಂಡೇ ಬಂದಿದ್ದರು. ಒಳ್ಳೆಯ ಮನುಷ್ಯ, ಜೋರು ಮಾತಿಲ್ಲ.

"ಮಿಸ್ಸವ್ರೆ, ಆಟ ಆಡೋ ಮಕ್ಳು ಉಂಗ್ರ ಆಕಂಗಿಲ್ಲ ಅಂತ ಗೌರ್ಮೆಂಟು ರೂಲ್ಸ್ ಮಾಡೈತಂತೆ. ದಿಟವಾ?"

"ದಿಟ."

"ಎಷ್ಟು ದಿನ ಐತೆ ಈ ರೂಲ್ಸು?"

"ಅವಳಿಗೆ ಹದಿನೆಂಟು ತುಂಬೋವರೆಗೂ" ಅಂದೆ. "ಅದಕ್ಕಿಂತ ಮುಂಚೆ ನೀವೇನಾದರೂ ಮಾಡಿದರೆ ಸೀಟಿ ಊದೋಳು ನಾನಲ್ಲ, ಪೊಲೀಸ್ನೋರು."

ಅವರಿಗೆ ಅರ್ಥ ಆಯಿತು. ಉಂಗುರ ಇಸಿದುಕೊಂಡು, ತಲೆ ಬಗ್ಗಿಸಿ ಹೋದರು. ನಾನು ಗೆದ್ದೆ ಅಂದುಕೊಂಡೆ. ಹುಡುಗಿ ನಂಜನಗೂಡಿನ ಕಾಲೇಜಿಗೆ ಸೇರಿದಳು, ಕಾಲೇಜಿನ ತಂಡಕ್ಕೂ ಸೇರಿದಳು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಖಾಲಿ ಬೆರಳು ಎತ್ತಿ ತೋರಿಸಿ ನಗುತ್ತಿದ್ದಳು.

ಸೆಕೆಂಡ್ ಪಿಯು ಮುಗಿದ ಬೇಸಿಗೆಯಲ್ಲಿ ಅವರಪ್ಪ ಮತ್ತೆ ಬಂದರು. ಮದುವೆ ಕಾರ್ಡು, ಎಲೆ ಅಡಿಕೆ, ಬಾಳೆಹಣ್ಣು ಮುಂದಿಟ್ಟು ಕೈ ಮುಗಿದರು. ಗಂಡು ಅದೇ ಮಾವ.

"ನೀವು ಏಳಿದ್ ರೂಲ್ಸ್ ಪ್ರಕಾರನೇ ಮಾಡ್ತಾ ಇವ್ನಿ ಮಿಸ್ಸವ್ರೆ. ಒಂದಿನಾನೂ ಮುಂಚೆ ಇಲ್ಲ."

ಹೋದೆ. ಮಂಟಪದ ಮೇಲೆ ಅವಳ ಮೈಮೇಲೆ ಒಡವೆ ಇಲ್ಲದ ಜಾಗವೇ ಇರಲಿಲ್ಲ. ಮೂಗಿಗೆ ಹೊಸ ಮೂಗುಬಟ್ಟು ಬಂದಿತ್ತು. ಅಕ್ಷತೆ ಹಾಕೋಕೆ ಬಗ್ಗಿದಾಗ ನನ್ನ ಕಿವಿ ಹತ್ತಿರ ಬಾಯಿ ತಂದಳು.

"ಮಿಸ್, ಸೀಟಿ ತಂದಿದ್ದೀರಾ?"

ನಾನು ನಕ್ಕೆ. ಫೋಟೋದಲ್ಲಿ ನನ್ನ ಆ ಮುಖ ಹಾಗೇ ಬಿದ್ದಿದೆ. ನೋಡಿದವರು, "ಮಿಸ್ ಯಾಕೆ ಅಳ್ತಾವ್ರೆ?" ಅಂತ ಕೇಳುತ್ತಾರಂತೆ.

ತಗಡೂರಿನಿಂದ ಬಂದ ಫೋನು

ಹುಡುಗಿಯರು ಬಿಚ್ಚಿದ್ದನ್ನೆಲ್ಲ ಮೊದಮೊದಲು ನಾನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಒಂದು ಸಲ ಎಲ್ಲ ಕಲಸಿಹೋಗಿ, ಇವಳ ಓಲೆ ಅವಳಿಗೆ, ಅವಳ ಸರ ಇನ್ನೊಬ್ಬಳಿಗೆ ಹೋಗಿ, ತಾಯಂದಿರು ಶಾಲೆ ಗೇಟಿನಲ್ಲಿ ಜುಟ್ಟು ಹಿಡಿದುಕೊಂಡರು. ಅದಕ್ಕೇ ಎಲ್ಲವನ್ನೂ ನನ್ನ ಮೈಮೇಲೇ ಹಾಕಿಕೊಳ್ಳೋಕೆ ಶುರು ಮಾಡಿದೆ. ಕ್ಯಾಪ್ಟನ್ ಬಳೆ ಎಡಗೈಗೆ, ಉಳಿದವರದು ಬಲಗೈಗೆ, ಸರ ಕುತ್ತಿಗೆಗೆ. ಕಳ್ಳರ ಭಯವೂ ಇಲ್ಲ.

ನನ್ನ ಗಂಡ ತೀರಿಕೊಂಡು ಕೆಲವು ವರ್ಷ ಆಗಿದೆ. ನಂಜನಗೂಡಿನ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ಕೈಗೆ ವಾಚು ಬಿಟ್ಟರೆ ನಾನು ಬೇರೆ ಏನೂ ಹಾಕುವುದಿಲ್ಲ. ಮೈದಾನದಲ್ಲಿ ಮಾತ್ರ ಆ ಒಂದು ಗಂಟೆ ಕೈತುಂಬ ಗಾಜಿನ ಬಳೆ ಸದ್ದು ಮಾಡುತ್ತಿದ್ದವು. ಅದು ಹೇಗಿರುತ್ತಿತ್ತು ಅಂತ ಯಾರಿಗೂ ಹೇಳಿಲ್ಲ.

ಈ ವರ್ಷದ ತಾಲ್ಲೂಕು ಪಂದ್ಯ ನಂಜನಗೂಡಿನಲ್ಲೇ ಇತ್ತು. ನಾವು ಗೆದ್ದೆವು. ಗೆದ್ದ ತಕ್ಷಣ ಮಳೆ ಬಂತು, ಮಳೆಯ ಹಿಂದೆಯೇ ಹುಡುಗಿಯರ ಊರಿನ ಬಸ್ಸು ಬಂತು. ಹುಡುಗಿಯರು ಬ್ಯಾಗು ತಲೆ ಮೇಲೆ ಹೊತ್ತುಕೊಂಡು ಓಡಿದರು. "ನಮ್ಮ ವಡವೆ ನಾಳೆ ಇಸ್ಕತೀವಿ ಮಿಸ್!" ಕ್ಯಾಪ್ಟನ್ ಹೋಗುವಾಗ ಒಂದು ಮೊಳ ಮಲ್ಲಿಗೆಯನ್ನೂ ನನ್ನ ತಲೆಗೆ ಸಿಕ್ಕಿಸಿಬಿಟ್ಟಳು, "ಬಸ್ನಲ್ಲಿ ನಲುಗೋಯ್ತದೆ ಮಿಸ್" ಅಂತ.

ಮಳೆಯಲ್ಲಿ ನಿಂತು ಬಿಚ್ಚೋಕೆ ಆಗುತ್ತಾ? ಹಾಗೇ ಅಂಗಡಿ ಬೀದಿಯಲ್ಲಿ ಮನೆ ಕಡೆ ನಡೆದೆ. ಕೈತುಂಬ ಹಸಿರು ಬಳೆ, ಕುತ್ತಿಗೆ ತುಂಬ ಸರ, ತಲೆಯಲ್ಲಿ ಹೂವು. ಯಾರೋ ಇಬ್ಬರು ತಿರುಗಿ ನೋಡಿದರು. ನಾನು ಗಮನ ಕೊಡಲಿಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು, ಮಡಿಲಲ್ಲಿ ಫೋನು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಟವಲ್ ಕೊಟ್ಟರು, ನೀರು ಕೊಟ್ಟರು.

"ಕೂತ್ಕೊ" ಅಂದರು. ಕೂತೆ.

"ತಗಡೂರಿಂದ ನಮ್ಮ ತಂಗಿ ಫೋನ್ ಮಾಡಿದ್ಲು. ಸಂತೆಗೆ ಬಂದಿದ್ಲಂತೆ, ನಿನ್ನ ನೋಡಿದ್ಲಂತೆ."

"ಅತ್ತೆ, ಅದು..."

"ಏನೂ ಏಳ್ಬ್ಯಾಡ." ಕೈ ಅಡ್ಡ ಹಿಡಿದರು. "ನಾನು ಬೈಯಕಿಲ್ಲ. ನನ್ ಮಗ ಓದ, ಅವನ ಅಣೆಬರ ಅಷ್ಟೇ ಇತ್ತು. ನೀನು ಬೋಳುಗೈಲಿ ನಂಗೆ ಮುದ್ದೆ ಇಕ್ವಾಗ ನನ್ನ ಒಟ್ಟೆಗೆ ಬೆಂಕಿ ಬಿದ್ದಂಗೆ ಆಗೋದು. ನಾನೇ ಏಳ್ಬೇಕಿತ್ತು, ಏಳ್ನಿಲ್ಲ. ಒಳ್ಳೇದಾಯ್ತು ಬುಡು." ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬೇರೆ ಕಡೆ ನೋಡುತ್ತಾ ಕೇಳಿದರು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ನಾನೂ ನಿಮ್ ಜೊತೇಲಿ ಬತ್ತೀನಿ ಅಂತ ಅವ್ರಿಗೆ ಏಳಿದ್ದೀಯಾ?"

ನಾನು ಅತ್ತೆಯ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಕಬಡ್ಡಿ, ನಿಯಮ, ಮಳೆ, ಬಸ್ಸು, ಹೂವು. ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು.

"ಅಂಗಾರೆ ಗಂಡಿಲ್ವಾ?"

"ಇಲ್ಲ ಅತ್ತೆ."

"ಯಾರೂ ಇಲ್ವಾ?"

"ಯಾರೂ ಇಲ್ಲ."

ಅವರ ಮುಖ ಬಾಡಿತು. ಬಟ್ಟೆ ಬದಲಾಯಿಸೋಕೆ ಅಂತ ನಾನು ಒಳಗೆ ಹೋದೆ. ಮಂಚದ ಮೇಲೆ ಅತ್ತೆಯ ಬ್ಯಾಗು ತುಂಬಿ ಕೂತಿತ್ತು. ಸೀರೆಗಳು, ಬಿ.ಪಿ. ಮಾತ್ರೆ, ಎಲೆ ಅಡಿಕೆ ಚೀಲ, ದೇವರ ಮನೆಯ ಚಿಕ್ಕ ಗಂಟೆ. ಒಂದೊಂದಾಗಿ ತೆಗೆದು ಬೀರುವಿಗೆ ಇಡೋಕೆ ಕೈ ಹಾಕಿದೆ. ಬಳೆ ಸದ್ದು ಕೇಳಿ ಅತ್ತೆ ಹೊರಗಿಂದಲೇ ಕೂಗಿದರು.

"ಬಿಚ್ಬ್ಯಾಡ ಕಣವ್ವ, ಬ್ಯಾಗ್ ಅಂಗೇ ಇರ್ಲಿ. ಗೆದ್ರಿ ಅಂದ್ಯಲ್ಲ, ಜಿಲ್ಲಾ ಮ್ಯಾಚು ಬಾಕಿ ಐತಲ್ಲ!"