ಅತ್ತೆಯ ಉಳ್ಳಾಗಡ್ಡಿ ಹೂವು

ನಮ್ಮ ಮನೆತನದಲ್ಲಿ ಉಳ್ಳಾಗಡ್ಡಿ ಬಾಯಿಗಿಡದವರು ಒಬ್ಬರೇ ಒಬ್ಬರು: ಅದನ್ನು ಬೆಳೆಯುವ ನಮ್ಮ ಅತ್ತೆ! ಉಳಿದ ನಾವೆಲ್ಲ ಸವಣೂರಿನ ವೈಷ್ಣವರು, ಮಡಿವಂತರು. ಮನೆಯೊಳಗೆ ಅದರ ಹೆಸರೆತ್ತುವುದಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಉಳ್ಳಾಗಡ್ಡಿ ಭಜಿ ತಿಂದು, ವಾಸನೆ ಹೋಗಲೆಂದು ಎರಡೆರಡು ಎಲೆ ಹಾಕಿಕೊಂಡು ಬರುತ್ತೇವೆ. ನಮ್ಮೂರ ವೀಳ್ಯದೆಲೆಗೆ ಅಷ್ಟು ಹೆಸರು ಯಾಕೆ ಬಂತೆಂದು ಈಗ ತಿಳಿಯಿತಲ್ಲ?

ಅತ್ತೆ ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಂದಿನಿಂದ ಅಡಿಗೆ ಅವಳದು, ಊಟ ನಮ್ಮದು. ಒಮ್ಮೆ ನನ್ನ ಮೊಬೈಲಿನಲ್ಲಿ ಒಂದು ಹೂ ಕಂಡಳು: ಉದ್ದನೆ ದಂಟಿನ ತುದಿಗೆ ತೆಂಗಿನಕಾಯಿಯಷ್ಟು ದಪ್ಪನೆಯ ನೇರಳೆ ಚೆಂಡು. ಅದು ಅಂದಕ್ಕೆಂದು ಬೆಳೆಸುವ ಉಳ್ಳಾಗಡ್ಡಿ ಜಾತಿ ಎಂದು ಹೆದರಿಸಿದೆ.

"ತಿನ್ನಬ್ಯಾಡ ಅಂದಾರ, ನೋಡಬ್ಯಾಡ ಅಂದಿಲ್ಲಲ್ಲೋ? ತರಿಸು" ಎಂದಳು.

ಮೊದಲ ವರ್ಷದ ಗಡ್ಡೆಗಳು ಹಿತ್ತಲಿನ ಎರೆಮಣ್ಣಿನಲ್ಲಿ, ಶ್ರಾವಣದ ಮಳೆಗೆ ಕೊಳೆತವು. ಮರುವರ್ಷ ಓದಿ ಹೇಳಿದೆ: ಇವು ಚಳಿ ಸೀಮೆಯವು, ನೆಡುವ ಮೊದಲು ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿಡಬೇಕು. ನಮ್ಮ ಫ್ರಿಜ್ಜಿನಲ್ಲೇ? ದೇವರ ಹಾಲಿನ ಪಕ್ಕದಲ್ಲೇ? ಅತ್ತೆ ಸೆರಗಿನಲ್ಲಿ ಗಡ್ಡೆ ಮುಚ್ಚಿಕೊಂಡು ಓಣಿಯ ತುದಿಯ ಕಿರಾಣಿ ಅಂಗಡಿಗೆ ನಡೆದಳು. ಅಂಗಡಿಯವರು ಹತ್ತಿಮತ್ತೂರಿನ ರೈತ ಮನೆತನದವರು. ಸೋಡಾ ಬಾಟಲಿಗಳ ನಡುವೆ ಜಾಗ ಕೊಟ್ಟರು. ದಿನಾ ಸಂಜೆ ಜನ ಮಠಕ್ಕೆ ಹೋದರೆ ಅತ್ತೆ ಫ್ರಿಜ್ಜಿನ ದರ್ಶನಕ್ಕೆ ಹೋಗುವಳು. ಒಂದು ದಿನ ನೋಡಿದರೆ ಎರಡು ಗಡ್ಡೆ ಕಡಿಮೆ! ಅಂಗಡಿಯವರ ಹೆಂಡತಿ ತಿಳಿಯದೆ ಒಗ್ಗರಣೆಗೆ ಹೆಚ್ಚಿದ್ದರು. "ರುಚಿನ ಇರಲಿಲ್ರಿ, ಅವ್ವಾರ" ಎಂದು ಮೇಲೆ ದೂರು ಬೇರೆ.

ಉಳಿದ ಮೂರನ್ನು ಹಿತ್ತಲಿನಲ್ಲಿ ನೆಟ್ಟಾಗ ಒಂದೇ ಒಂದು, ಮಾಘದಲ್ಲಿ ದಂಟು ಎತ್ತಿತು. ತುದಿಗೆ ಮುಚ್ಚಿದ ಮೊಗ್ಗು. ಅಂಗಡಿಯವರು ಬಂದು ನೋಡಿ ತಲೆಯಾಡಿಸಿದರು.

"ನಾವು ಹೊಲದಾಗ ಎಷ್ಟ ಬೀಜಕ್ಕ ಬಿಟ್ಟೇವ್ರಿ. ಉಳ್ಳಾಗಡ್ಡಿ ಹೂ ಬೆಳ್ಳಗ ಇರ್ತೈತಿ."

"ಇದು ನೇರಳೆ. ನೋಡ್ರಿ ಬೇಕಾದ್ರ" ಎಂದಳು ಅತ್ತೆ.

ಅಂದಿನಿಂದ ಬೆಳಿಗ್ಗೆ ಎದ್ದವಳು ದೇವರಿಗಿಂತ ಮೊದಲು ಮೊಗ್ಗಿನ ಮುಖ ನೋಡತೊಡಗಿದಳು.

ಆ ವಾರವೇ ಅಜ್ಜನ ಶ್ರಾದ್ಧ. ಆಚಾರ್ಯರು ಕೈಕಾಲು ತೊಳೆಯಲು ಬರುವ ಹಿತ್ತಲಿನಲ್ಲಿ ಉಳ್ಳಾಗಡ್ಡಿ ಇದ್ದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ಕುದಿದರು. ವಾರದ ಹಿಂದಷ್ಟೇ ಭಜಿಯ ಎರಡನೇ ಪ್ಲೇಟಿಗೆ ಹೇಳಿದವರು ಅವರೇ. ಕೀಳುವ ಕೆಲಸ ನನ್ನದಾಯಿತು. ಹೊತ್ತನ್ನೂ ಅವರೇ ಗೊತ್ತು ಮಾಡಿದರು: ಅತ್ತೆ ಮಡಿಯುಟ್ಟು ಅಡಿಗೆಗೆ ನಿಂತ ಮೇಲೆ. ಮಡಿಯಲ್ಲಿದ್ದವಳು ನನ್ನನ್ನೂ ಮುಟ್ಟುವಂತಿಲ್ಲ, ಗಿಡವನ್ನೂ ಮುಟ್ಟುವಂತಿಲ್ಲ. ಎಂಥ ಬುದ್ಧಿವಂತಿಕೆ! ನಾನು ಒಲ್ಲೆ ಎನ್ನಲಿಲ್ಲ. ಆ ಎರಡನೇ ಪ್ಲೇಟಿನಲ್ಲಿ ನನಗೂ ಪಾಲಿತ್ತು.

ಬುಡಸಮೇತ ಕಿತ್ತು ತಿರುಗಿದರೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು.

"ಮೊಗ್ಗಿ ಬಿಚ್ಚಿ ನೋಡೋ. ಬಣ್ಣ ಯಾವುದದ?"

ಉಗುರಿನಿಂದ ಸೀಳಿದೆ. ಒಳಗೆ ನೂರಾರು ಎಳೆ ಕಾಳು, ಎಲ್ಲ ಹಸಿರು. ಬಣ್ಣ ಬರಲು ಇನ್ನೂ ದಿನಗಳು ಬೇಕಿದ್ದವು.

"ನೇರಳೆ ಅದ, ಅತ್ತಿ" ಎಂದೆ, ಮೊಗ್ಗನ್ನು ಮುಷ್ಟಿಯಲ್ಲಿ ಮುಚ್ಚಿ.

"ಹೌದಲ್ಲೋ? ಅಂಗಡಿಯವರಿಗೆ ಹೇಳಿ ಬಾ. ಆಮ್ಯಾಲೆ ಕೈ ಛಲೋ ತೊಳ್ಕೋ, ವಾಸನಿ ಬರ್ತದ."

ಪಾಯಸ ತಳ ಹಿಡಿಯುತ್ತದೆಂದು ಒಳಗೆ ಹೋದಳು.

ನಾನು ಹೋಗಿ ಹೇಳಿದೆ. ಅಂಗಡಿಯವರು ನನ್ನ ಮುಚ್ಚಿದ ಮುಷ್ಟಿಯನ್ನು ಒಂದು ಗಳಿಗೆ ನೋಡಿದರು.

"ನಾ ಸೋತೆ ಅಂತ ಹೇಳ್ರಿ ಅವ್ವಾರಿಗೆ" ಎಂದರು. ಬಿಚ್ಚಿ ತೋರಿಸ್ರಿ ಎನ್ನಲಿಲ್ಲ.