ಅಪ್ಪನ ತಲೆಗೆ ಎರಡು ಕೋಟ್

ಬಣ್ಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಾನು ಗೋಡೆಗೆ ಬಣ್ಣ ಬಳಿಯುವ ಮೇಸ್ತ್ರಿ. ಅರ್ಧ ಊರಿನ ಗೋಡೆಗಳ ಮಾನ ಮುಚ್ಚಿದ ಕೈ ಇದು. ಆದರೆ ನನ್ನ ಸ್ವಂತ ಮಾನ ಹೋದದ್ದು ನಮ್ಮದೇ ಅಡುಗೆಮನೆಯ ಬಾಗಿಲಲ್ಲಿ. ಭಾನುವಾರ ಬೆಳಿಗ್ಗೆ ನೀರು ಕುಡಿಯಲು ಹೋದವನಿಗೆ, ಒಳಗೆ ಮಗಳು ಅವಳಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು.

"ನಾಳೆ ಸ್ಕೂಲ್ ಮೀಟಿಂಗಿಗೆ ನೀನೊಬ್ಬಳೇ ಬಾಮ್ಮಾ. ಅಪ್ಪ ಬಂದ್ರೆ ನಂಗೆ ನಾಚಿಕೆ ಆಗುತ್ತೆ."

ಬಾಯಾರಿಕೆ ಅಲ್ಲೇ ಇಂಗಿಹೋಯಿತು. ತಡವಾಗಿ ಮದುವೆಯಾಗಿ, ಇನ್ನೂ ತಡವಾಗಿ ಪಡೆದ ಮಗಳು. ಅವಳ ಗೆಳತಿಯರ ಅಪ್ಪಂದಿರು ಎರಡೆರಡು ಮೆಟ್ಟಿಲು ಹಾರಿ ಬರುತ್ತಾರೆ. ನನ್ನ ತಲೆಯೋ, ಸುಣ್ಣದ ಡಬ್ಬ ಮಗುಚಿಕೊಂಡ ಹಾಗಿದೆ. ಸೀದಾ ಅಂಗಡಿಗೆ ಹೋಗಿ ಕೂದಲಿಗೆ ಹಚ್ಚುವ ಕಪ್ಪು ಬಣ್ಣ ತಂದೆ. ಹೆಂಡತಿ ಯಾಕೆಂದು ಕೇಳಿದ್ದಕ್ಕೆ "ಸುಮ್ನೆ" ಎಂದೆ. ಅವಳು ಕನ್ನಡಕ ಹುಡುಕಿ ಪೊಟ್ಟಣದ ಹಿಂಭಾಗ ಓದತೊಡಗಿದಳು.

"ರೀ, ಹಣೆಗೂ ಕಿವಿಗೂ ಮೊದಲು ಎಣ್ಣೆ ಹಚ್ಕೋಬೇಕಂತೆ. ಅರ್ಧ ಗಂಟೆಗೆ ತೊಳ್ದುಬಿಡ್ಬೇಕಂತೆ."

"ಎಣ್ಣೆ ಹಚ್ಚಿದ್ರೆ ಬಣ್ಣ ಹಿಡಿಯುತ್ತೇನೇ? ಮೇಸ್ತ್ರಿಗೇ ಪಾಠ ಹೇಳ್ತೀಯಾ?"

"ಗೋಡೆ ಬೇರೆ, ಬುರುಡೆ ಬೇರೆ ಕಣ್ರೀ."

"ಎರಡೂ ಗಟ್ಟಿನೇ ಅಲ್ವಾ?"

"ಅದೇನೋ ನಿಜ," ಎಂದು ಅವಳು ಥಟ್ಟನೆ ಒಪ್ಪಿಕೊಂಡ ರೀತಿ ನನಗೆ ಹಿಡಿಸಲಿಲ್ಲ.

ಶಾಸ್ತ್ರೋಕ್ತವಾಗಿ ಕಾರ್ಯಾರಂಭ ಮಾಡಿದೆ. ಹಣೆಯ ಅಂಚಿಗೆ ಟೇಪ್ ಅಂಟಿಸಿದೆ. ಹೊಸ ಬ್ರಷ್ ತೆಗೆದು ಒಂದು ಕೋಟ್ ಬಳಿದು, ಒಣಗಲು ಬಿಟ್ಟು, ಮೇಲೆ ಇನ್ನೊಂದು ಕೋಟ್ ಕೊಟ್ಟೆ. (ಒಂದೇ ಕೋಟಿಗೆ ಕೈ ತೊಳೆದುಕೊಳ್ಳುವವರೂ ನಮ್ಮ ಕಸುಬಿನಲ್ಲಿದ್ದಾರೆ. ಅವರ ಸುದ್ದಿ ಈಗ ಬೇಡ.) ಚೆನ್ನಾಗಿ ಹೀರಲಿ ಎಂದು ಸಂಜೆಯವರೆಗೆ ಫ್ಯಾನಿನ ಕೆಳಗೆ ಕುಳಿತೆ.

ತೊಳೆದು ಕನ್ನಡಿ ನೋಡಿದರೆ ಕೂದಲು ಕಪ್ಪಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಿವಿಗಳೂ ಕಪ್ಪಾಗಿದ್ದವು. ಟೇಪಿನಡಿ ನುಸುಳಿದ ಬಣ್ಣ ಹಣೆಯಿಂದ ಹುಬ್ಬಿನವರೆಗೆ ಇಳಿದಿತ್ತು. ಟರ್ಪೆಂಟೈನ್ ಡಬ್ಬಕ್ಕೆ ಕೈ ಹಾಕಿದೆ. ಹೆಂಡತಿ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸೋಪು, ನಿಂಬೆಹಣ್ಣು, ಕೊನೆಗೆ ಪಾತ್ರೆ ಉಜ್ಜುವ ನಾರು, ಯಾವುದಕ್ಕೂ ಬಣ್ಣ ಜಗ್ಗಲಿಲ್ಲ.

ಅಷ್ಟರಲ್ಲಿ ಆಟ ಮುಗಿಸಿ ಬಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಪ್ಪಾ, ಇದೇನಿದು ನಿನ್ನ ಅವತಾರ?"

"ನಿನಗೋಸ್ಕರಾನೇ ಕಣಮ್ಮ," ಎಂದೆ. "ಮುದುಕ ಅಪ್ಪ ಬಂದ್ರೆ ನಾಚಿಕೆ ಆಗುತ್ತೆ ಅಂದ್ಯಲ್ಲ."

"ಮುದುಕ ಅಂತ ನಾನೆಲ್ಲಿ ಅಂದೆ? ಹೋದ ಸಲ ಬಂದಾಗ ನೀನು ಹೆಡ್ ಮೇಡಂ ರೂಮಿನ ಗೋಡೆ ಸವರಿ, ಉಗುರಲ್ಲಿ ಕೆರೆದು, 'ಯಾವ ದಡ್ಡ ಬಳಿದಿದ್ದು ಇದನ್ನ' ಅಂತ ಎಲ್ಲರ ಮುಂದೆ ಕೇಳ್ದೆ. ನನ್ನ ಮಾರ್ಕ್ಸ್ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. ಅದಕ್ಕೆ ನಾಚಿಕೆ."

ಅಬ್ಬ, ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ತಪ್ಪು ನನ್ನ ವಯಸ್ಸಿನದಲ್ಲ, ಬರೀ ಕೈಯದು. ಗೋಡೆ ಕಂಡರೆ ಅದು ಸುಮ್ಮನಿರುವುದಿಲ್ಲ. ಎರಡೂ ಕೈ ಜೇಬಿನಿಂದ ಹೊರಗೆ ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ. "ಹಾಗಾದ್ರೆ ಬಾ" ಎಂದಳು. ಈ ತಲೆ ಹೊತ್ತುಕೊಂಡೂ ಬಾ ಎಂದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಮರುದಿನ ಕೈಗಳನ್ನು ಜೇಬಿಗೆ ತುರುಕಿಕೊಂಡು ಮೇಡಂ ಎದುರು ಕುಳಿತೆ. ಗೋಡೆಯ ಕಡೆ ಕಣ್ಣೂ ಹಾಯಿಸದೆ ಮಾರ್ಕ್ಸ್ ಬಗ್ಗೆ ಸವಿಸ್ತಾರವಾಗಿ ವಿಚಾರಿಸಿದೆ. ಅವರು ಎಲ್ಲಕ್ಕೂ ಉತ್ತರ ಕೊಟ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿ, ನನ್ನ ಹಣೆಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ನಿಧಾನವಾಗಿ ಪರೀಕ್ಷಿಸಿದರು.

"ಮೇಸ್ತ್ರಿಗಳೇ," ಎಂದರು, "ನಮ್ಮ ಗೋಡೆ ಬಳಿದವನು ನಿಮಗೂ ಸಿಕ್ಕಿಬಿಟ್ನಾ?"

ಮಗಳು ನನ್ನ ಭುಜಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿದ್ದವರೆಲ್ಲ ನಕ್ಕರು. ಮುಖ ಮುಚ್ಚಿಕೊಳ್ಳಲು ನನಗೆ ಕೈ ಬೇಕಾಗಿತ್ತು, ಏನು ಮಾಡಲಿ, ಮಗಳಿಗೆ ಮಾತು ಕೊಟ್ಟಿದ್ದೆ.